ಅಂಗಾಲಿಗೆ ಅಂಗಾಲು

ಆ ಊರಿನಲ್ಲಿ ನೋವಿಗೆ ಸಾಕ್ಷಿ ಬೇಕಿತ್ತು. ಗಾಯವಾಗಿದ್ದರೆ ಗಾಯವೇ ಸಾಕ್ಷಿ, ಮೂಳೆ ಮುರಿದಿದ್ದರೆ ಮೂಳೆಯೇ ಸಾಕ್ಷಿ. ಹೊರಗೆ ಏನೂ ಕಾಣದ ನೋವಿಗೆ ಮಾತ್ರ ಇನ್ನೊಬ್ಬ ಮನುಷ್ಯ ಸಾಕ್ಷಿಯಾಗಬೇಕಿತ್ತು. ಅದು ಬಾಯಿಮಾತಿನ ಸಾಕ್ಷಿಯಲ್ಲ. ನೋವಿದ್ದವನೂ ಸಾಕ್ಷಿ ಹೇಳುವವನೂ ಎದುರುಬದುರು ನೆಲದ ಮೇಲೆ ಕೂತು, ಕಾಲು ಚಾಚಿ, ಅಂಗಾಲಿಗೆ ಅಂಗಾಲು ಕೊಡಬೇಕು. ಆಗ ಒಬ್ಬರ ಕಾಲಿನ ನೋವು ಇನ್ನೊಬ್ಬರ ಕಾಲಿಗೆ ಇಳಿಯುತ್ತದೆ. ಹೊತ್ತು ಮುಳುಗುವವರೆಗೆ ಅಲ್ಲೇ ಇರುತ್ತದೆ. ಹೊತ್ತು ಮುಳುಗುವಾಗ ಮತ್ತೊಮ್ಮೆ ಅಂಗಾಲು ಕೂಡಿಸಿದರೆ ತನ್ನ ಜಾಗಕ್ಕೆ ಮರಳುತ್ತದೆ, ಕೂಡಿಸದಿದ್ದರೆ ಇದ್ದಲ್ಲೇ ಉಳಿಯುತ್ತದೆ. ಇಬ್ಬರೂ ಎಚ್ಚರವಿರಬೇಕು, ಇಬ್ಬರೂ ಒಪ್ಪಿರಬೇಕು. ಒಬ್ಬರು ಒಪ್ಪದಿದ್ದರೂ ನೋವು ಅಲುಗುವುದಿಲ್ಲ. ಈ ನಿಯಮ ಯಾರು ಮಾಡಿದ್ದೆಂದು ಯಾರಿಗೂ ಗೊತ್ತಿರಲಿಲ್ಲ. ಊರಿನಷ್ಟೇ ಹಳೆಯದು ಎನ್ನುತ್ತಿದ್ದರು.

ಊರು ಗುಡ್ಡದ ಬೆನ್ನ ಮೇಲಿತ್ತು, ಹೊಳೆ ಗುಡ್ಡದ ಬುಡದಲ್ಲಿತ್ತು. ನಡುವೆ ಕಲ್ಲುದಾರಿ. ಬೆಳಕು ಹರಿಯುತ್ತಲೇ ಕೊಂಬು ಊದುತ್ತಿದ್ದರು. ಪ್ರಾಯಕ್ಕೆ ಬಂದ ಪ್ರತಿಯೊಬ್ಬರೂ ಹೊಳೆಗಿಳಿದು ಒಂದು ಕೊಡ ನೀರು ಹೊತ್ತು ತಂದು ಊರ ನಡುವಿನ ಕಲ್ಲುತೊಟ್ಟಿಗೆ ಸುರಿಯಬೇಕು. ಗಂಡನ ಪಾಲಿಗೊಂದು ಕೊಡ, ಹೆಂಡತಿಯ ಪಾಲಿಗೊಂದು ಕೊಡ. ಕೂಸು ಕುಡಿಯುವುದೂ ಅದೇ ನೀರು, ಹಿರಿಯರು ಕುಡಿಯುವುದೂ ಅದೇ ನೀರು. ಯಾವ ಮನೆಯ ಪಾಲಿನ ಕೊಡ ನಡುಹಗಲೊಳಗೆ ಬರಲಿಲ್ಲವೋ ಆ ಮನೆಯವರು ಆ ದಿನ ತೊಟ್ಟಿಗೆ ಚೊಂಬು ಅದ್ದುವಂತಿರಲಿಲ್ಲ.

ಊರಿಗಾಗಿ ಯುದ್ಧಕ್ಕೆ ಹೋಗಿ ಕಾಲು ಕೆಡಿಸಿಕೊಂಡು ಬಂದವರಿಗೆ ಮಾತ್ರ ನೀರು ಹೊರುವ ಕೆಲಸವಿರಲಿಲ್ಲ. ಯುದ್ಧದ ನೋವಿರುವ ಕಾಲು ನೀರಿಗೆ ಇಳಿಯಬೇಕಿಲ್ಲ ಎಂಬುದು ಹಿಂದಿನವರ ಮಾತು. ಅಂಥವರಿಗೆ ತೊಟ್ಟಿಯ ಪಕ್ಕದ ಬೇವಿನ ನೆರಳಲ್ಲಿ ಒಂದು ಮಣೆ ಹಾಕಿಕೊಡುತ್ತಿದ್ದರು. ಮಣೆ ಬೇಕೆನ್ನುವವರು ವರ್ಷಕ್ಕೊಮ್ಮೆ, ಜೋಳದ ಸುಗ್ಗಿ ಮುಗಿದ ಮೇಲೆ, ತೊಟ್ಟಿಯ ಮುಂದಿನ ಅಂಗಳದಲ್ಲಿ, ಕಟ್ಟೆಯ ಮೇಲೆ ಕೂತ ಹಿರಿಯರ ಮುಂದೆ ನಿಂತು ಕೇಳಬೇಕು. ಆ ದಿನಕ್ಕೆ ಮೊರೆಯ ದಿನ ಎಂದು ಹೆಸರು.

ಈ ಕಥೆಯ ಮನುಷ್ಯನನ್ನು ಊರವರು ಕಾಲಾಳು ಎಂದು ಕರೆಯುತ್ತಿದ್ದರು. ಯುದ್ಧದಲ್ಲಿ ಅವನು ಕುದುರೆ ಹತ್ತಿದವನಲ್ಲ, ನಡೆದವನು. ಮನೆಯಲ್ಲಿ ಅವನ ಹೆಂಡತಿ ಸಿರಿಯವ್ವ, ಗಂಡನ ಹೆಸರು ಹೇಳಬಾರದೆಂದು ಅವನನ್ನು ಯಾವ ಹೆಸರಿನಿಂದಲೂ ಕರೆಯುತ್ತಿರಲಿಲ್ಲ. ಹೀಗಾಗಿ ಅವನಿಗೊಂದು ಸ್ವಂತ ಹೆಸರಿದ್ದುದು ನಿಧಾನವಾಗಿ ಅವನಿಗೇ ಮರೆತುಹೋಗಿತ್ತು. ಅವರಿಗೆ ಮಕ್ಕಳಿರಲಿಲ್ಲ. ಮದುವೆಯಾದ ಮಳೆಗಾಲದಲ್ಲೇ ಅವನು ಯುದ್ಧಕ್ಕೆ ಹೊರಟಿದ್ದ. ಮರಳಿ ಬರುವಾಗ ಸಿರಿಯವ್ವನ ಬೈತಲೆಯಲ್ಲಿ ಬೆಳ್ಳಿ ಎಳೆ ಕಾಣಿಸಿಕೊಂಡಿತ್ತು.

ಅವನ ಪಾದಗಳು ನೋಡಲು ಚೆನ್ನಾಗಿದ್ದವು. ಒಂದು ಗಾಯವಿಲ್ಲ, ಒಂದು ಕಲೆಯಿಲ್ಲ. ಆದರೆ ನೆಲಕ್ಕೆ ಊರಿದರೆ ಸಾಕು, ಮಂಜುಗಡ್ಡೆಯೊಳಗೆ ಕೆಂಡ ಇಟ್ಟ ಹಾಗೆ ಸುಡುತ್ತಿದ್ದವು. ಉತ್ತರದ ಬೆಟ್ಟಗಳ ಕೆಳಗೆ ಒಂದು ಹೊಳೆಯಿತ್ತಂತೆ, ಮಂಜು ಕರಗಿ ಹರಿಯುವ ಹೊಳೆ. ಸೇತುವೆ ಮುರಿದಿತ್ತು. ಆಚೆ ದಡದ ಹಳ್ಳಿಗಳಿಂದ ಜನ ಓಡಿ ಬರುತ್ತಿದ್ದರು, ಕಂಕುಳಲ್ಲಿ ಕೂಸು, ತಲೆ ಮೇಲೆ ಗಂಟು. ಕಾಲಾಳುಗಳೆಲ್ಲ ನೀರಿಗಿಳಿದು ಸಾಲಾಗಿ ನಿಂತು ಹೆಗಲ ಮೇಲೆ ಹಲಗೆ ಹೊತ್ತರು. ಜನ ಆ ಹಲಗೆಯ ಮೇಲೆ ದಾಟಿದರು. ಹಗಲು ಕಳೆಯಿತು, ಇರುಳು ಕಳೆಯಿತು, ಮತ್ತೆ ಹಗಲಾಯಿತು, ಜನ ಬರುತ್ತಲೇ ಇದ್ದರು. ಇಷ್ಟನ್ನು ಅವನು ಹೆಂಡತಿಗೆ ಹೇಳಿದ್ದ. ಮುಂದಿನದನ್ನು ಹೇಳಿರಲಿಲ್ಲ.

ಮೊದಲ ಮೊರೆಯ ದಿನ ಹಿರಿಯರಲ್ಲಿ ಹಿರಿಯನಾದ ಕಟ್ಟೆಯಜ್ಜ ಅವನ ಪಾದಗಳನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ತಿರುಗಿಸಿ ನೋಡಿದ್ದ. ಅಜ್ಜ ಕೆಟ್ಟವನಲ್ಲ. ಬೆರಳುಗಳ ಸಂದಿಯನ್ನೂ ಬಿಡಿಸಿ ನೋಡಿದ. ಕೊನೆಗೆ, ಈ ಕಾಲು ನನ್ನ ಕಾಲಿಗಿಂತ ಚೆನ್ನಾಗಿದೆಯಲ್ಲಪ್ಪ ಎಂದು ನಿಜವಾದ ಬೇಸರದಲ್ಲೇ ಹೇಳಿದ. ಎರಡನೆಯ ಹಿರಿಯ, ಇದು ಯುದ್ಧಕ್ಕೆ ಮೊದಲೇ ಇದ್ದ ನೋವಿರಬಹುದಲ್ಲವೇ ಎಂದು ಕೇಳಿದ. ಮೂರನೆಯವನು, ಮನೆಯಿಂದ ಇಲ್ಲಿಯವರೆಗೆ ಹೇಗೆ ಬಂದೆ ಎಂದು ಕೇಳಿದ. ನಡೆದು ಬಂದೆ ಎಂದ ಕಾಲಾಳು. ಬೇರೆ ಹೇಗೆ ಬರುವುದು?

ಆಮೇಲೆ ಅಜ್ಜ ಪದ್ಧತಿಯ ಪ್ರಕಾರ ಕೇಳಿದ.

"ನೋವಿಗೆ ಸಾಕ್ಷಿ ಇದೆಯೇ?"

"ಇಲ್ಲ."

"ಹಾಗಾದರೆ ಹೋಗಿ ಬಾ."

ಅವನು ಹೋದ, ಮುಂದಿನ ವರ್ಷ ಬಂದ. ಅಜ್ಜ ಅದನ್ನೇ ಕೇಳಿದ, ಕಾಲಾಳು ಅದನ್ನೇ ಹೇಳಿದ. ಹೋಗಿ ಬಾ ಎಂದರು, ಹೋದ, ಬಂದ. ಜೊತೆಗೆ ಯುದ್ಧಕ್ಕೆ ಹೋಗಿದ್ದ ಬೇರೆಯವರಿಗೆ ಒಬ್ಬೊಬ್ಬರಾಗಿ ಮಣೆ ಸಿಕ್ಕಿತು. ಅವರು ತಮ್ಮನನ್ನೋ ಅಳಿಯನನ್ನೋ ಕರೆತರುತ್ತಿದ್ದರು, ಎಳೆಯ ಗಟ್ಟಿ ಕಾಲಿನ ಹುಡುಗರನ್ನು. ನೋವು ಇಳಿದೊಡನೆ ಆ ಹುಡುಗರು ಅಂಗಳದಲ್ಲಿ ಕುಂಟುತ್ತಾ ಕಿರುಚುತ್ತಾ ನಡೆಯುತ್ತಿದ್ದರು. ಹಿರಿಯರು ತಲೆದೂಗುತ್ತಿದ್ದರು. ಕಾಲಾಳು ಮಾತ್ರ ಪ್ರತಿ ಸಲ ಒಬ್ಬನೇ ಬರುತ್ತಿದ್ದ.

ಸಾಕ್ಷಿ ಸಿಗಲಿಲ್ಲವೆಂದಲ್ಲ. ಸಿರಿಯವ್ವ ಮೊದಲ ವರ್ಷದಿಂದಲೇ ನಾನು ಬರುತ್ತೇನೆ ಎಂದಿದ್ದಳು. ಬೇಡ ಎಂದಿದ್ದ. ಯಾಕೆ ಎಂದರೆ, ಇದು ನಿನಗೆ ಬೇಡ ಎನ್ನುತ್ತಿದ್ದ. ಅವನ ಪಾಲಿನ ಕೊಡವನ್ನೂ ಅವಳೇ ಹೊರುತ್ತಿದ್ದಳು. ಬೆಳಗ್ಗೆ ತನ್ನ ಕೊಡ ತಂದು ಸುರಿದು, ಸಿಂಬಿ ಸರಿಮಾಡಿಕೊಂಡು, ಅವನ ಕೊಡಕ್ಕೆ ಮತ್ತೆ ಇಳಿಯುತ್ತಿದ್ದಳು. ಕಾಲಾಳು ಅಷ್ಟರಲ್ಲಿ ಕೂತಲ್ಲೇ ರೊಟ್ಟಿ ತಟ್ಟಿ, ಒಲೆಯ ಮುಂದೆ ಅವಳ ದಾರಿ ನೋಡುತ್ತಿದ್ದ. ಅವಳು ಬಂದ ಮೇಲೆ ಇಬ್ಬರೂ ಉಣ್ಣುತ್ತಿದ್ದರು. ಕಾಲು ನೋಯುತ್ತಾ ಎಂದು ಅವನು ಕೇಳುತ್ತಿದ್ದ. ನನಗೇನು, ಯುದ್ಧಕ್ಕೆ ಹೋಗಿದ್ದೆನೇ ಎಂದು ಅವಳು ನಗುತ್ತಿದ್ದಳು. ವರ್ಷಗಳು ಹೀಗೇ ನಡೆದವು.

ಒಂದು ಬೇಸಿಗೆಯಲ್ಲಿ ಹೊಳೆ ದೂರ ಸರಿಯಿತು. ಕಲ್ಲುದಾರಿ ಮುಗಿದ ಮೇಲೆ ಕಾದ ಮರಳು ದಾಟಿ ಹೋಗಬೇಕಾಯಿತು. ಸಿರಿಯವ್ವನ ಎರಡನೆಯ ಕೊಡ ನಡುಹಗಲಿಗೆ ಸರಿಯಾಗಿ ತೊಟ್ಟಿ ತಲುಪುತ್ತಿತ್ತು, ಒಮ್ಮೊಮ್ಮೆ ತಪ್ಪುತ್ತಿತ್ತು. ತಪ್ಪಿದ ದಿನ ಅವರಿಬ್ಬರೂ ಬಾಯಾರಿ ಮಲಗುತ್ತಿದ್ದರು. ಅಂಥ ಒಂದು ದಿನದ ಮರುಬೆಳಗ್ಗೆ ಅವಳು ಮೊದಲ ಕೊಡ ಹೊತ್ತು ಏರಿ ಬರುವಷ್ಟರಲ್ಲಿ ಕಾಲಾಳು ಮನೆಯಲ್ಲಿರಲಿಲ್ಲ. ಅವನ ಕೊಡವೂ ಇರಲಿಲ್ಲ. ಅವಳು ಹೊರಟೊಡನೆ ಅವನು ಅವಳ ಕಣ್ಣಿಗೆ ಬೀಳದ ಅಡ್ಡದಾರಿಯಲ್ಲಿ ಹೊಳೆಗಿಳಿದಿದ್ದ.

ದಾರಿಯ ನಡುವಿನ ತಿರುವಿನಲ್ಲಿ ಅವನು ಸಿಕ್ಕಿದ. ಕೊಡ ಒಡೆದು ಚೂರುಗಳು ಇಳಿಜಾರಿನಲ್ಲಿ ಚೆಲ್ಲಿದ್ದವು. ನೀರು ಆಗಲೇ ಕಲ್ಲಿನೊಳಗೆ ಇಂಗಿತ್ತು. ಅವನು ಏಳಲಾಗದೆ ದಾರಿಯಂಚಿನ ಕಲ್ಲಿಗೆ ಒರಗಿ ಕೂತಿದ್ದ. ಹೊರೆ ಹೊತ್ತವರು ನಿಂತರೆ ಮತ್ತೆ ಹೆಜ್ಜೆ ಕಿತ್ತಿಡುವುದು ಕಷ್ಟ, ಅದಕ್ಕೆ ಊರವರು ಅವನನ್ನು ಬಳಸಿಕೊಂಡು ಸಾಗುತ್ತಿದ್ದರು. ಹೋಗುವಾಗ ಒಬ್ಬಿಬ್ಬರು ತಮ್ಮ ಕೊಡದಿಂದ ಒಂದು ಬೊಗಸೆ ನೀರನ್ನು ಅವನ ಕೈಗೆ ಬಗ್ಗಿಸಿ ಹೋಗಿದ್ದರು. ಅವನ ಅಂಗಿಯ ತೋಳು ಇನ್ನೂ ಒದ್ದೆಯಿತ್ತು.

ಸಿರಿಯವ್ವ ಬೈಯಲಿಲ್ಲ. ಅವನೆದುರು ಕೂತಳು. ಸೀರೆಯ ಅಂಚನ್ನು ಸ್ವಲ್ಪ ಮೇಲೆತ್ತಿಕೊಂಡು ಕಾಲು ಚಾಚಿದಳು. ಅವನು ತನ್ನ ಕಾಲುಗಳನ್ನು ಒಳಕ್ಕೆ ಎಳೆದುಕೊಂಡ.

"ನನಗೆ ನೋವಾಗಬಾರದು ಅಂತ ನೀವು ಹೀಗೆ ಮಾಡ್ತೀರಿ, ಗೊತ್ತು," ಎಂದಳು. "ಆದರೆ ನೀವು ಯುದ್ಧದಿಂದ ಬಂದ ದಿನದಿಂದ ನಾನು ಬಾಗಿಲ ಹೊರಗೇ ಕೂತಿದ್ದೇನೆ. ಒಳಗೆ ಏನಿದೆಯೋ ಇರಲಿ. ನನ್ನನ್ನ ಒಳಗೆ ಕರೀರಿ."

ಅವನು ಒಡೆದ ಕೊಡದ ಚೂರುಗಳನ್ನು ಕೈಗೆಟುಕಿದಷ್ಟು ಒಟ್ಟು ಮಾಡಿದ. ಆಮೇಲೆ, ಮೊರೆಯ ದಿನ ಬರಲಿ ಎಂದ. ಅವಳು ಅವನ ತೋಳು ಹಿಡಿದು ಎಬ್ಬಿಸಿದಳು. ಆ ದಿನವೂ ನಡುಹಗಲು ದಾಟಿತು. ಆ ದಿನವೂ ಬಾಯಾರಿ ಮಲಗಿದರು. ಆದರೆ ಅವಳಿಗೆ ಚೆನ್ನಾಗಿ ನಿದ್ದೆ ಬಂತು.

ಮೊರೆಯ ದಿನ ಅಂಗಳ ಗುಡಿಸಿ ನೀರು ಚಿಮುಕಿಸಿದ್ದರು. ಮೂವರು ಹಿರಿಯರು ಕಟ್ಟೆಯ ಮೇಲೆ, ಮಣೆ ಸಿಕ್ಕವರು ಬೇವಿನ ಕೆಳಗೆ, ಊರವರು ಸುತ್ತ. ಕಾಲಾಳು ಬಂದಾಗ ಅಜ್ಜ ಎಂದಿನಂತೆ ಕೇಳಿದ. ನೋವಿಗೆ ಸಾಕ್ಷಿ ಇದೆಯೇ? ಕಾಲಾಳು ಉತ್ತರ ಹೇಳುವ ಮೊದಲೇ ಸಿರಿಯವ್ವ ಜನರ ನಡುವಿನಿಂದ ಬಂದು ನೆಲದ ಮೇಲೆ ಕೂತಳು. ಗುಂಪಿನಲ್ಲಿ ಸಣ್ಣ ಗುಸುಗುಸು ಎದ್ದಿತು. ಸಾಕ್ಷಿಗೆ ಎಳೆಗಾಲಿನವರನ್ನು ತರುವುದು ವಾಡಿಕೆ. ನರೆತ ತಲೆಯ ಹೆಂಗಸು ಆ ಅಂಗಳದಲ್ಲಿ ಕಾಲು ಚಾಚಿದ್ದನ್ನು ಯಾರೂ ನೋಡಿರಲಿಲ್ಲ. ಅಜ್ಜ, ತಡೆದುಕೊಳ್ತೀಯೇನಮ್ಮ ಎಂದು ಕೇಳಿದ. ನೋಡೋಣ ಎಂದಳು.

ಅಂಗಾಲಿಗೆ ಅಂಗಾಲು ಕೂಡಿದವು. ಎದುರುಬದುರು ಕೂತವರಲ್ಲಿ ಒಬ್ಬರ ಎಡ ಇನ್ನೊಬ್ಬರ ಬಲಕ್ಕೆ ಸೇರುತ್ತದೆ, ಒಬ್ಬರ ಬಲ ಇನ್ನೊಬ್ಬರ ಎಡಕ್ಕೆ. ಅವನ ಅಂಗಾಲು ನುಣುಪು, ಅವಳದು ಬಿರುಕು ಬಿಟ್ಟ ಹಿಮ್ಮಡಿ. ಇಬ್ಬರೂ ಕಣ್ಣು ಮುಚ್ಚಿದರು. ಅಂಗಳದ ಅಂಚಿನಲ್ಲಿ ನಿಂತಿದ್ದ ಡೋಲಿನವನು ಒಂದು ಪೆಟ್ಟು ಹಾಕಿದ.

ಸಿರಿಯವ್ವ ಎದ್ದಳು. ಕಿರುಚಲಿಲ್ಲ. ಮುಖದ ಬಣ್ಣವೆಲ್ಲ ಒಮ್ಮೆ ಇಳಿದುಹೋಯಿತು, ಅಷ್ಟೇ. ಒಂದು ಹೆಜ್ಜೆ ಇಟ್ಟಳು. ನಿಂತಳು. ಇನ್ನೊಂದು ಇಟ್ಟಳು. ಒಣ ನೆಲದ ಮೇಲೆ ನಡೆಯುತ್ತಿದ್ದರೂ ಅವಳು ಹರಿಯುವ ನೀರನ್ನು ಸೀಳಿಕೊಂಡು ಹೋಗುವವಳಂತೆ ಮೊಣಕಾಲು ಎತ್ತಿ ಎತ್ತಿ ಇಡುತ್ತಿದ್ದಳು. ಅಂಗಳದ ನಡುವೆ ಬಂದಾಗ ಪೂರಾ ನಿಂತುಬಿಟ್ಟಳು. ತಲೆ ಬಗ್ಗಿಸಿ ತನ್ನ ಬಲಗಾಲನ್ನು ನೋಡಿದಳು.

ಏನಾಯಿತಮ್ಮ ಎಂದು ಅಜ್ಜ ಕೇಳಿದ.

"ಯಾರೋ ನನ್ನ ಪಾದದ ಮೇಲೆ ಪಾದ ಊರಿದ್ದಾರೆ," ಎಂದಳು. "ಗಟ್ಟಿಯಾಗಿ ಊರಿದ್ದಾರೆ. ಹೊಳೆ ಎಳೆದುಕೊಂಡು ಹೋಗಬಾರದು ಅಂತ." ಸ್ವಲ್ಪ ಹೊತ್ತು ಹಾಗೆಯೇ ನಿಂತಿದ್ದಳು. ಆಮೇಲೆ ಇನ್ನೂ ಮೆಲ್ಲಗೆ, "ಈಗ ಇಲ್ಲ," ಎಂದಳು.

ಕಾಲಾಳು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಬೇವಿನ ಕೆಳಗೆ ಮಣೆಗಳ ಮೇಲೆ ಕೂತಿದ್ದವರು ಒಬ್ಬೊಬ್ಬರಾಗಿ ಎದ್ದು ನಿಂತರು. ಸಿರಿಯವ್ವ ಉಳಿದ ಅಂಗಳವನ್ನೂ ನಡೆದು ಕಟ್ಟೆ ಮುಟ್ಟಿದಳು. ಅಜ್ಜ ಕಟ್ಟೆಯಿಂದ ಮುಂದಕ್ಕೆ ಬಗ್ಗಿದ. ನೋವಿಗೆ ಸಾಕ್ಷಿ ಇದೆ ಎಂದ. ಹೊಸ ಮಣೆ ತರಿಸಿದ. ಬಾರಪ್ಪ, ತಗೋ ಎಂದು ಕಾಲಾಳುವನ್ನು ಕರೆದ.

ಅಂಥ ಹೊತ್ತಿನಲ್ಲಿ ಮೊರೆ ಗೆದ್ದವರು ಓಡಿಬರುವುದನ್ನು ಜನ ನೋಡಿದ್ದರು. ನೋವು ಸಂಜೆಯವರೆಗೆ ಬೇರೆಯವರಲ್ಲಿರುತ್ತದಲ್ಲ, ಆ ಒಂದು ಹಗಲು ಅವರು ಕರುವಿನ ಹಾಗೆ ಜಿಗಿಯುತ್ತಿದ್ದರು. ಕಾಲಾಳು ಎದ್ದ, ಆದರೆ ಬರಲಿಲ್ಲ. ಅವನ ಹಿಮ್ಮಡಿಗಳು ನೆಲಕ್ಕೆ ತಾಗಲಿಲ್ಲ. ಅವನು ತುದಿಗಾಲಲ್ಲಿ ನಿಂತಿದ್ದ. ಇಳಿಯಲು ನೋಡಿದ, ಹಿಮ್ಮಡಿಯಲ್ಲಿ ಮುಳ್ಳು ಮುರಿದಂತಾಗಿ ಮತ್ತೆ ತುದಿಗಾಲಿಗೇ ಏರಿದ. ಬಿರುಕಿನೊಳಗೆ ಕಾದ ಮರಳು ಹೊಕ್ಕಂತೆ ಉರಿ, ಕಲ್ಲುದಾರಿಯನ್ನು ಇಳಿದಿಳಿದು ಸವೆದ ಮಂಡಿಯ ಕೆಳಗಿನ ಸೆಳೆತ, ಇವೆಲ್ಲ ಅವನು ಊಹಿಸಬಹುದಾದವು. ತುದಿಗಾಲಿನದು ಮಾತ್ರ ಅವನಿಗೆ ಅರ್ಥವಾಗಲಿಲ್ಲ.

ಎದುರುಬದುರು ಕೂತಾಗ ನೋವು ಎರಡೂ ಕಡೆಗೆ ಹರಿಯುತ್ತದೆ ಎಂದು ಆ ದಿನದವರೆಗೆ ಊರಿಗೆ ಗೊತ್ತಿರಲಿಲ್ಲ. ಸಾಕ್ಷಿಗೆ ಬಂದ ಹುಡುಗರ ಕಾಲಿನಲ್ಲಿ ಕೊಡಲು ಏನೂ ಇರಲಿಲ್ಲ. ಎಲ್ಲರ ಕಣ್ಣೂ ಸಾಕ್ಷಿಯ ನಡಿಗೆಯ ಮೇಲೇ ಇರುತ್ತಿತ್ತು.

"ಇವು ಅವಳ ಕಾಲು," ಎಂದ ಕಾಲಾಳು. "ಅಜ್ಜಾ, ನನ್ನ ಮೊರೆ ಮುಗಿದಿಲ್ಲ. ಈ ಕಾಲಿಗೂ ಒಂದು ಮಣೆ ಕೊಡಿ."

ಅಜ್ಜ ಅಕ್ಕಪಕ್ಕದವರ ಮುಖ ನೋಡಿದ. ಮೂವರೂ ತಲೆ ಸೇರಿಸಿ ಮಾತಾಡಿದರು. ಹಿಂದಿನವರು ಹೇಳಿಹೋದದ್ದು ಯುದ್ಧದ ನೋವಿಗೆ ಮಾತ್ರ ಎಂದು ಅಜ್ಜ ತಿಳಿಸಿದ. ನೀರು ಹೊತ್ತ ನೋವು ಎಲ್ಲರಿಗೂ ಇದೆ, ಅದಕ್ಕೆಲ್ಲ ಮಣೆ ಹಾಕಿದರೆ ತೊಟ್ಟಿ ತುಂಬುವವರಾರು ಎಂದು ಎರಡನೆಯ ಹಿರಿಯ ಕೇಳಿದ. ಆ ಮಾತಿನಲ್ಲಿ ಸುಳ್ಳಿರಲಿಲ್ಲ. ಕಾಲಾಳು ಅಜ್ಜನ ಪಾದಗಳನ್ನು ನೋಡಿದ. ಮೊರೆಗೆ ಬಂದವರು ಬಿದ್ದು ಹಿಡಿದುಕೊಳ್ಳುತ್ತಿದ್ದ ಪಾದಗಳವು. ಅವನು ಹಿಡಿಯಲಿಲ್ಲ. ಒಮ್ಮೆ ಈ ಕಾಲಲ್ಲಿ ನಿಂತು ನೋಡಿ ಹೇಳಿ ಅಜ್ಜಾ ಎಂದಷ್ಟೇ ಕೇಳಿಕೊಂಡ. ಅಜ್ಜ ಕಾಲು ಮಡಚಿಕೊಂಡ. ನಾಳೆ ಬಂದು ಮಣೆ ತಗೋ, ಸಂಜೆಗೆ ಅವರವರ ನೋವು ಅವರವರಿಗೆ ಸೇರಿಸಿಬಿಡಿ ಎಂದ. ಜನ ಚದುರಿದರು.

ಅವರು ಮನೆಗೆ ಹೋಗಲಿಲ್ಲ. ಸಿರಿಯವ್ವನ ಕಾಲು ಹೇಗೆ ಹೇಳುತ್ತಿತ್ತೋ ಹಾಗೆ ಕಾಲಾಳು ನಡೆದ. ಆ ಕಾಲು ಅವನನ್ನು ಊರ ಅಂಚಿನ ಮೋಟುಗೋಡೆಯ ಹತ್ತಿರ ಕರೆದುಕೊಂಡು ಹೋಗಿ ನಿಲ್ಲಿಸಿತು. ಅವಳು ಹಿಂದೆ ಹಿಂದೆ ನೀರು ಸೀಳುವ ಹೆಜ್ಜೆಯಲ್ಲಿ ಬಂದಳು. ಗೋಡೆಯ ಆಚೆ ಬಂಡೆಯೊಂದು ಅಡ್ಡವಿತ್ತು. ಸುಮ್ಮನೆ ನಿಂತರೆ ಬಂಡೆ ಬಿಟ್ಟು ಏನೂ ಕಾಣದು. ಅವನ ಹಿಮ್ಮಡಿ ತಾನಾಗಿಯೇ ಎದ್ದಿತು. ತುದಿಗಾಲಲ್ಲಿ ನಿಂತಾಗ ಬಂಡೆಯ ಮೇಲಿನಿಂದ, ಬಹಳ ದೂರದಲ್ಲಿ, ಉತ್ತರದಿಂದ ಬರುವ ದಾರಿ ಒಂದು ಎಳೆಯಷ್ಟು ಕಂಡಿತು.

ಅವನು ಗೋಡೆ ಹಿಡಿದುಕೊಂಡು ಹಾಗೆಯೇ ನಿಂತ. ಎಷ್ಟು ದಿನ ನಿಂತಿದ್ದೆ ಎಂದು ಕೇಳಿದ. ದಿನಾ ಸಂಜೆ ಎಂದಳು. ಒಮ್ಮೊಮ್ಮೆ ಧೂಳು ಏಳುತ್ತಿತ್ತು, ಆವಾಗ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲುತ್ತಿದ್ದೆ, ಕೊನೆಗೆ ನೋಡಿದರೆ ದನಗಳಾಗಿರುತ್ತಿದ್ದವು ಎಂದಳು. ನೀವು ಬರುವ ದಿನ ಮಾತ್ರ ನಾನು ಇಲ್ಲಿರಲಿಲ್ಲ, ಹಿಟ್ಟು ಬೀಸುತ್ತಿದ್ದೆ ಎಂದು ನಕ್ಕಳು. ಯಾಕೆ ಹೇಳಲಿಲ್ಲ ಎಂದ. ನೀವು ಮಂಜಿನ ಹೊಳೆಯಲ್ಲಿ ನಿಂತು ಬಂದವರು, ನಾನು ಗೋಡೆಯ ಹತ್ತಿರ ನಿಂತವಳು, ಇದನ್ನೇನು ಹೇಳುವುದು ಎಂದಳು.

ಗೋಡೆಯ ನೆರಳಲ್ಲಿ ಇಬ್ಬರೂ ಕೂತರು. ತಂದಿದ್ದ ರೊಟ್ಟಿ ಮುರಿದುಕೊಂಡರು. ಆಮೇಲೆ ಸಿರಿಯವ್ವ ತನ್ನ ಬಲಪಾದವನ್ನು ಎರಡೂ ಕೈಯಲ್ಲಿ ಹಿಡಿದು, ಇಲ್ಲಿದ್ದವರು ಯಾರು ಎಂದು ಕೇಳಿದಳು.

ಯುದ್ಧದಿಂದ ಬಂದ ಮೇಲೆ ಮೊದಲ ಸಲ ಅವನು ಆ ಹೆಸರು ಹೇಳಿದ. ದುಗ್ಗ. ಸಾಲಿನಲ್ಲಿ ಪಕ್ಕದಲ್ಲೇ ನಿಂತಿದ್ದವನು. ನಿದ್ದೆಯಲ್ಲಿ ನಗುತ್ತಿದ್ದ. ಬೇರೆಯವರ ರೊಟ್ಟಿಯ ಅಂಚು ಮುರಿದು ತಿನ್ನುತ್ತಿದ್ದ, ತನ್ನ ರೊಟ್ಟಿಯ ನಡುಭಾಗ ಅವರಿಗೆ ಕೊಡುತ್ತಿದ್ದ. ನೀರಿನ ಸೆಳೆತಕ್ಕೆ ಕಾಲು ನಿಲ್ಲದಾದಾಗ ಒಬ್ಬರ ಪಾದದ ಮೇಲೆ ಒಬ್ಬರು ಪಾದ ಊರಿಕೊಂಡರೆ ಸಾಲು ಮುರಿಯುವುದಿಲ್ಲ ಎಂದು ಹೇಳಿಕೊಟ್ಟವನೇ ದುಗ್ಗ. ಅವನ ಪಾದ ಕಾಲಾಳುವಿನ ಎಡಪಾದದ ಮೇಲಿತ್ತು. ಎರಡನೆಯ ಹಗಲು ಹಲಗೆಯ ಮೇಲೆ ಒಬ್ಬಳು ಬಸುರಿ ದಾಟುತ್ತಿದ್ದಳು. ಅವಳು ದಡ ಮುಟ್ಟುವವರೆಗೆ ಆ ಪಾದ ಅಲ್ಲೇ ಇತ್ತು. ಆಮೇಲೆ ಅಲ್ಲಿ ಭಾರವಿರಲಿಲ್ಲ. ಕಾಲಾಳು ತಿರುಗಿ ನೋಡುವಂತಿರಲಿಲ್ಲ, ಹೆಗಲ ಮೇಲೆ ಹಲಗೆಯಿತ್ತು, ಹಲಗೆಯ ಮೇಲೆ ಇನ್ನೊಬ್ಬರಿದ್ದರು.

ದುಗ್ಗ ನಿಂತಿದ್ದ ಜಾಗ ಅಂತ ನನ್ನ ಹತ್ತಿರ ಉಳಿದದ್ದು ಅಷ್ಟೇ ಎಂದ ಕಾಲಾಳು. ಅದನ್ನು ಇನ್ನೊಬ್ಬರ ಕಾಲಿಗೆ ದಾಟಿಸಿದರೆ ನಡುವೆ ಎಲ್ಲಾದರೂ ಬಿದ್ದುಹೋಗಬಹುದು ಎಂದು ಹೆದರಿದ್ದೆ ಎಂದ. ಬಿದ್ದಿಲ್ಲ ಎಂದಳು ಸಿರಿಯವ್ವ. ತನ್ನ ಪಾದವನ್ನು ಮೆಲ್ಲಗೆ ಸವರಿದಳು, ಮಲಗಿದವರ ಹಣೆ ಸವರುವ ಹಾಗೆ.

ಹೊತ್ತು ಇಳಿಯಿತು. ಉತ್ತರದ ದಾರಿ ಕೆಂಪಾಯಿತು. ಪದ್ಧತಿಯಂತೆ ಇಬ್ಬರೂ ಎದುರುಬದುರು ಕೂತರು. ಕಾಲು ಚಾಚಬೇಕಾದ ಹೊತ್ತಿಗೆ ಕಾಲಾಳು ತನ್ನ ಎರಡೂ ಕಾಲನ್ನು ಪಂಚೆಯೊಳಗೆ ಎಳೆದುಕೊಂಡ. ಇದನ್ನ ನಾನು ನಿನಗೆ ಮತ್ತೆ ಕೊಡುವುದಿಲ್ಲ ಎಂದ. ಸಿರಿಯವ್ವನೂ ತನ್ನ ಎರಡೂ ಕಾಲನ್ನು ಸೀರೆಯೊಳಗೆ ಸೇರಿಸಿಕೊಂಡಳು. ಹಾಗಾದರೆ ನಾನೂ ಕೊಡುವುದಿಲ್ಲ ಎಂದಳು. ನೀನು ನೀರಲ್ಲಿ ನಿಂತವಳಲ್ಲ, ಅದು ನಿನ್ನದಲ್ಲ ಎಂದು ಅವನು ಗದರಿದ. ನೀವು ಗೋಡೆಯ ಹತ್ತಿರ ನಿಂತವರಲ್ಲ, ಅದು ನಿಮ್ಮದಲ್ಲ ಎಂದು ಅವಳು ಹೇಳಿದಳು. ಮದುವೆಯಾದ ಮೇಲೆ ಅವರು ಜಗಳವಾಡಿದ್ದು ಅದೊಂದೇ ಸಲ. ಹೊತ್ತು ಗುಡ್ಡದ ಅಂಚಿಗೆ ತಾಗಿತು. ಸ್ವಲ್ಪ ಹೊತ್ತಿನಲ್ಲಿ ಮುಳುಗಿಹೋಗುತ್ತಿತ್ತು.

ಆಗ ಸಿರಿಯವ್ವ ಎಡಗಾಲನ್ನು ಮಾತ್ರ ಹೊರಗೆ ಚಾಚಿದಳು.

"ಇದೊಂದನ್ನ ತಗೊಳ್ಳಿ," ಎಂದಳು. "ಇನ್ನೊಂದರಲ್ಲಿ ದುಗ್ಗಣ್ಣ ಇದ್ದಾರೆ. ಇಷ್ಟು ವರ್ಷ ಅವರನ್ನ ನೀವೊಬ್ಬರೇ ನೋಡಿಕೊಂಡಿರಿ. ಇನ್ನು ಮೇಲೆ ನನ್ನ ಹತ್ತಿರ ಇರಲಿ."

ಕಾಲಾಳು ಅವಳ ಮುಖವನ್ನೇ ನೋಡಿದ. ನಿಧಾನವಾಗಿ ತನ್ನ ಬಲಗಾಲನ್ನು ಹೊರಗೆ ಚಾಚಿದ. ಅಂಗಾಲಿಗೆ ಅಂಗಾಲು ಕೂಡಿತು, ಒಂದೇ ಜೊತೆ. ಹೊತ್ತು ಮುಳುಗಿತು. ಇನ್ನೊಂದು ಜೊತೆ ಕಾಲುಗಳು ಬಟ್ಟೆಯೊಳಗೆ ಸುಮ್ಮನಿದ್ದವು.

ಮರುದಿನ ಇಬ್ಬರೂ ಒಟ್ಟಿಗೆ ಕಟ್ಟೆಗೆ ಹೋದರು. ನಡೆದದ್ದನ್ನು ಕಾಲಾಳು ಮುಚ್ಚಿಡದೆ ಹೇಳಿದ. ಹೀಗೆ ಮಾಡುವಂತಿಲ್ಲ ಎಂದು ಎರಡನೆಯ ಹಿರಿಯ ಸಿಟ್ಟಾದ. ಎಲ್ಲಿ ಹೇಳಿದೆ ಎಂದು ಮೂರನೆಯವನು ಕೇಳಿದ. ಯಾರಿಗೂ ನೆನಪಾಗಲಿಲ್ಲ. ಕೊಡುವವರೂ ಕೊಳ್ಳುವವರೂ ಒಪ್ಪಿರಬೇಕು ಎಂದಷ್ಟೇ ಹಿಂದಿನವರು ಹೇಳಿದ್ದರು, ಇಲ್ಲಿ ಇಬ್ಬರೂ ಒಪ್ಪಿರಲಿಲ್ಲ, ಅದಕ್ಕೇ ನೋವು ಅಲುಗಿರಲಿಲ್ಲ. ಅಜ್ಜ ತನ್ನ ಪಾದಗಳನ್ನು ಸವರಿಕೊಳ್ಳುತ್ತಾ ಕೂತಿದ್ದ. ಅವನು ಆ ಬೆಳಗ್ಗೆ ಕಟ್ಟೆಗೆ ತಡವಾಗಿ ಬಂದಿದ್ದ. ಅವನ ಮನೆಯಾಕೆಗೆ ಹುಷಾರಿಲ್ಲವೇ ಎಂದು ಯಾರೋ ಕೇಳಿದಾಗ, ಅವಳು ಚೆನ್ನಾಗಿದ್ದಾಳೆ, ಇವತ್ತು ಹಗುರಾಗಿ ಓಡಾಡುತ್ತಿದ್ದಾಳೆ ಎಂದಿದ್ದ. ಆದರೆ ಕಟ್ಟೆ ಹತ್ತುವಾಗ ಅವನೇ ಸ್ವಲ್ಪ ಕುಂಟಿದ್ದನ್ನು ಹತ್ತಿರದಲ್ಲಿದ್ದವರು ನೋಡಿದ್ದರು.

ಕೊನೆಗೆ ಅಜ್ಜ ಬಾಯಿ ಬಿಟ್ಟ. ಯುದ್ಧದ ನೋವಿರುವ ಕಾಲು ನೀರಿಗೆ ಇಳಿಯಬೇಕಿಲ್ಲ ಎಂದಿದೆ, ಯುದ್ಧಕ್ಕೆ ಹೋದ ಮನುಷ್ಯ ಎಂದಿಲ್ಲ ಎಂದ. ನಿನ್ನದೊಂದು ಕಾಲಿದೆ, ಆಕೆಯದೊಂದು ಕಾಲಿದೆ. ಹಾಗಾದರೆ ಇಬ್ಬರ ಪಾಲಿಗೂ ಅರ್ಧರ್ಧ ಕೊಡ ಎಂದು ತೀರ್ಮಾನ ಹೇಳಿದ. ಮಣೆ ಒಂದೇ ಇದೆಯಲ್ಲ ಎಂದು ಯಾರೋ ಕೇಳಿದರು. ಬಡಗಿಯನ್ನು ಕರೆಸಿ ಅದನ್ನೇ ಉದ್ದ ಮಾಡಿಸಿ ಎಂದ ಅಜ್ಜ. ಮುಂದಿನ ಮೊರೆಯ ದಿನದಿಂದ ಅಂಗಳದಲ್ಲಿ ಸಾಕ್ಷಿಯನ್ನು ನಡೆಸಿದ ಮೇಲೆ, ನೋವು ಕೊಟ್ಟವನನ್ನೂ ನಡೆಸಿ ನೋಡುವ ಪದ್ಧತಿ ಬಂತು. ಎಳೆಗಾಲಿನ ಹುಡುಗರು ಸಾಕ್ಷಿಗೆ ಬರುವುದು ಕಡಿಮೆಯಾಯಿತು. ಹೆಂಡತಿಯರು ಬಂದರು, ಅಕ್ಕಂದಿರು ಬಂದರು, ಒಬ್ಬ ಮುದಿ ತಂದೆ ಬಂದ. ಅಂಗಳದಲ್ಲಿ ಜನ ಸುಮ್ಮನೆ ಕೂತು ನೋಡುತ್ತಿದ್ದರು.

ಕಾಲಾಳು ಮತ್ತು ಸಿರಿಯವ್ವ ಬೆಳಗ್ಗೆ ಕೊಂಬು ಊದಿದ ಮೇಲೆ, ಗಡಿಬಿಡಿಯವರೆಲ್ಲ ಮುಂದೆ ಹೋಗಲಿ ಎಂದು ಬಿಟ್ಟು, ಹಿಂದಿನಿಂದ ಹೊರಡುತ್ತಿದ್ದರು. ಒಬ್ಬೊಬ್ಬರ ಕೈಯಲ್ಲಿ ಒಂದು ಸಣ್ಣ ಕೊಡ. ಈಗ ಇಬ್ಬರ ಎಡಗಾಲಿನಲ್ಲೂ ಕಲ್ಲುದಾರಿ ಮತ್ತು ಗೋಡೆಯಿತ್ತು, ಇಬ್ಬರ ಬಲಗಾಲಿನಲ್ಲೂ ಮಂಜಿನ ಹೊಳೆಯಿತ್ತು. ಆದ್ದರಿಂದ ಇಬ್ಬರೂ ಒಂದೇ ಕಾಲಿಗೆ ಕುಂಟುತ್ತಿದ್ದರು, ಒಂದೇ ಹೊತ್ತಿಗೆ ನಿಲ್ಲುತ್ತಿದ್ದರು, ಒಂದೇ ಹೊತ್ತಿಗೆ ಮುಂದಿನ ಹೆಜ್ಜೆ ಇಡುತ್ತಿದ್ದರು. ದಾರಿ ಪಕ್ಕದ ಮನೆಯಲ್ಲಿ ಕಣ್ಣು ಕಾಣದ ಮುದುಕಿಯೊಬ್ಬಳಿದ್ದಳು. ಹೊಸ್ತಿಲ ಮೇಲೆ ಕೂತು ಹೆಜ್ಜೆಯ ಸಪ್ಪಳದ ಮೇಲೇ ಯಾರು ಹೋದರೆಂದು ಹೇಳುವವಳು. ಅವರು ಹಾದುಹೋದಾಗ ಅವಳು ಪ್ರತಿದಿನವೂ ಕಿವಿಗೊಟ್ಟು ಕೇಳಿ, ಪಾಪ, ಯಾರೋ ಒಬ್ಬರೇ ಹೋಗುತ್ತಿದ್ದಾರೆ, ಜೊತೆಗೆ ಯಾರೂ ಇಲ್ಲವೇನೋ ಎನ್ನುತ್ತಿದ್ದಳು. ಸಿರಿಯವ್ವ ಗಂಡನ ಕೈ ಒತ್ತಿ ನಗು ತಡೆದುಕೊಳ್ಳುತ್ತಿದ್ದಳು.